ಭಾವ ಮುಚ್ಚಿದ ದಾರಿ

ಬೆಟ್ಟದಲ್ಲಿ ದಾರಿ ಮಾಡುವ ಗ್ಯಾಂಗಿನ ಮೇಸ್ತ್ರಿ ಯಾರನ್ನು ಬೇಕಾದರೂ ಕೆಲಸಕ್ಕೆ ಇಟ್ಟುಕೊಳ್ಳಬಹುದು, ಅಕ್ಕನ ಗಂಡನನ್ನು ಮಾತ್ರ ಇಟ್ಟುಕೊಳ್ಳಬಾರದು. ಹನ್ನೊಂದು ವರ್ಷದಿಂದ ಮೇಸ್ತ್ರಿಯಾಗಿರುವ ನಾನು ಇದನ್ನು ಬಹಳ ತಡವಾಗಿ ಕಲಿತೆ. ನನ್ನ ಗ್ಯಾಂಗಿನಲ್ಲಿ ಮೈಗಳ್ಳರಿದ್ದರು, ಜಗಳಗಂಟರಿದ್ದರು, ಹಾವು ಕಂಡರೆ ಮರ ಹತ್ತಿ, ಹತ್ತಿದ ಮೇಲೆ ಇಳಿಯಲು ಬಾರದೆ ಕೂಗಿಕೊಳ್ಳುವವನೊಬ್ಬನಿದ್ದ. ಅವರೆಲ್ಲರನ್ನೂ ಬೈದು, ಗದರಿ, ಕೆಲಸಗಾರರನ್ನಾಗಿ ಮಾಡಿದ್ದೇನೆ. ಆದರೆ ಭಾವನನ್ನು ಬೈಯುವುದು ಹೇಗೆ? ಬೆಳಿಗ್ಗೆ ಬೈದರೆ ಮಧ್ಯಾಹ್ನಕ್ಕೇ ಅಕ್ಕನ ಫೋನು.

ನಮ್ಮದು ಹಂಗಾಮಿನ ಕೆಲಸ. ಮಳೆ ನಿಂತ ಮೇಲೆ ಶುರು, ಬಿಸಿಲು ಏರಿದ ಮೇಲೆ ಮುಕ್ತಾಯ. ಆ ಐದು ತಿಂಗಳಲ್ಲಿ ಬೆಟ್ಟ ಹತ್ತಲು ಬರುವ ಚಾರಣಿಗರಿಗಾಗಿ ಕಾಲುದಾರಿ ಕಡಿಯಬೇಕು, ಕಲ್ಲಿನ ಮೆಟ್ಟಿಲು ಕೂರಿಸಬೇಕು, ಮಳೆನೀರು ದಾರಿಯುದ್ದಕ್ಕೂ ಓಡದಂತೆ ಅಡ್ಡಗಾಲುವೆ ತೋಡಬೇಕು. ಕೊನೆಯ ದಿನ ಬೆಟ್ಟದ ಕಚೇರಿಯಿಂದ ಒಬ್ಬರು ಬಂದು, ಬುಡದಿಂದ ತುದಿಯವರೆಗೆ ನಡೆದು ನೋಡಿ, ಕಾಗದಕ್ಕೆ ಸಹಿ ಹಾಕುತ್ತಾರೆ. ಸಹಿ ಬಿದ್ದರೆ ಮುಂದಿನ ಹಂಗಾಮಿಗೂ ಈ ಬೆಟ್ಟ ನಮ್ಮದು. ಬೀಳದಿದ್ದರೆ ಬೇರೆ ಗ್ಯಾಂಗು ಬರುತ್ತದೆ, ನಾವು ಒಂಬತ್ತು ಜನ ಮನೆಯಲ್ಲಿ ಕೂತು ಗೋಡೆ ನೋಡಬೇಕು. ಈ ವರ್ಷ ಬರುವವರು ಹೊಸ ಮೇಡಂ ಎಂದೂ, ಅವರು ಒಂದೇ ತಿಂಗಳಲ್ಲಿ ಎರಡು ಗ್ಯಾಂಗುಗಳನ್ನು ಮನೆಗೆ ಕಳಿಸಿದ್ದಾರೆಂದೂ ಸುದ್ದಿ ಬಂದಿತ್ತು. ಅವರು ಬೈಯುವುದಿಲ್ಲವಂತೆ, ಬರೀ ‘ಹೂಂ’ ಎನ್ನುತ್ತಾರಂತೆ. ಬೈಯುವವರನ್ನು ನಂಬಬಹುದು, ಹೂಂ ಎನ್ನುವವರನ್ನು ನಂಬುವುದು ಕಷ್ಟ.

ಇಂಥ ವರ್ಷದಲ್ಲೇ ಭಾವ ಕೆಲಸ ಮಾಡುತ್ತಿದ್ದ ಪರದೆ ಅಂಗಡಿ ಮುಚ್ಚಿತು. ಇಪ್ಪತ್ತೆರಡು ವರ್ಷ ಅವರು ಊರಿನವರ ಕಿಟಕಿ ಅಳೆದು, ಪರದೆ ತೂಗುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿ ನೋಡಿ ಬದುಕಿದವರು. ಅಂಗಡಿ ಮುಚ್ಚಿದ ಎರಡನೇ ವಾರಕ್ಕೆ ಅಕ್ಕ ಫೋನು ಮಾಡಿದಳು.

“ನಿನ್ನ ಭಾವ ಮನೇಲಿ ಕೂತು ನಮ್ಮನೆ ಪರದೆಗಳನ್ನೇ ದಿನಕ್ಕೆ ನಾಲ್ಕು ಸಲ ಬಿಚ್ಚಿ ಕಟ್ತಿದ್ದಾರೆ ಕಣೋ. ನನ್ನ ಕೈಲಿ ನೋಡೋಕಾಗಲ್ಲ. ನಿನ್ನ ಜೊತೆ ಕರ್ಕೊಂಡು ಹೋಗು.”

“ಅಕ್ಕ, ಅದು ಪಿಕಾಸಿ ಹಿಡಿಯೋ ಕೆಲಸ.”

“ಚಿಕ್ಕೋನಿದ್ದಾಗ ನಿನ್ನನ್ನ ಸೊಂಟದ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿದ್ದು ಯಾರು?”

ಈ ಪ್ರಶ್ನೆಗೆ ಉತ್ತರ ಕೊಟ್ಟ ತಮ್ಮ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಮಾರನೇ ದಿನ ಭಾವ ಅಗಲ ಅಂಚಿನ ಟೋಪಿ, ಮೊಣಕಾಲವರೆಗಿನ ಬೂಟು, ಕೊರಳಲ್ಲಿ ಸೀಟಿ ಹಾಕಿಕೊಂಡು ಹಾಜರಾದರು. ಬೀದಿಯವರಿಗೆಲ್ಲ ‘ಬೆಟ್ಟದ ದಾರಿಗಳ ಮೇಲ್ವಿಚಾರಣೆಗೆ ಕರೆದಿದ್ದಾರೆ’ ಎಂದು ಹೇಳಿ ಬಂದಿದ್ದರು. ಮೊದಲನೇ ದಿನ ಪಿಕಾಸಿಯನ್ನು ತಮ್ಮದೇ ಬೂಟಿಗೆ ಹೊಡೆದುಕೊಂಡರು. ಮೂರನೇ ದಿನ ಮೆಟ್ಟಿಲಿನ ಕಲ್ಲನ್ನು ತಲೆಕೆಳಗಾಗಿ ಕೂರಿಸಿ, ಎರಡು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿ ನೋಡಿ, “ಈಗ ಚೆನ್ನಾಗಿ ಕಾಣ್ತಿದೆ” ಎಂದರು. ನಮ್ಮ ಗ್ಯಾಂಗಿನ ಕಲ್ಲಿನವನು, ಕಲ್ಲು ಕೂರಿಸುವುದರಲ್ಲಿ ನನಗಿಂತ ಗಟ್ಟಿಗ, ನನ್ನನ್ನು ಪಕ್ಕಕ್ಕೆ ಕರೆದು, “ಮೇಸ್ತ್ರಿ, ಒಂದೋ ಅವರು, ಇಲ್ಲ ನನ್ನ ಉಳಿ” ಎಂದ.

ಹಾಗಾಗಿ ಭಾವನಿಗೆ ಯಾರಿಗೂ ಬೇಡವಾದ ಕೆಲಸ ಕೊಟ್ಟೆ. ಕಳ್ಳದಾರಿ ಮುಚ್ಚುವ ಕೆಲಸ.

ಕಳ್ಳದಾರಿ ಎಂದರೆ ನಾವು ಬೆವರು ಸುರಿಸಿ ಬಳಸಿ ಬಳಸಿ ಮಾಡಿದ ದಾರಿಯನ್ನು ಬಿಟ್ಟು, ಅವಸರದ ಜನ ನೇರಕ್ಕೆ ಹತ್ತಿ ಇಳಿದು ಮಾಡುವ ದಾರಿ. ಅದರಲ್ಲಿ ಹುಲ್ಲು ಸಾಯುತ್ತದೆ, ಮಳೆ ಬಂದಾಗ ಮಣ್ಣೆಲ್ಲ ಕೊಚ್ಚಿ ಹೋಗಿ ಕೊರಕಲಾಗುತ್ತದೆ. ಬೇಲಿ ಹಾಕಿದರೆ ದಾಟುತ್ತಾರೆ, ಹಲಗೆ ನೆಟ್ಟರೆ ಅದರ ಮೇಲೆ ತಮ್ಮ ಹೆಸರು ಕೆತ್ತುತ್ತಾರೆ. ಒಂದೇ ಉಪಾಯವೆಂದರೆ ಅಲ್ಲಿ ದಾರಿ ಇತ್ತೆಂಬುದೇ ಕಾಣದಂತೆ ಮಾಡುವುದು. ಒಣ ಕೊಂಬೆಗಳನ್ನು ಅಲ್ಲೇ ಬೆಳೆದವೇನೋ ಎಂಬಂತೆ ನೆಟ್ಟಗೆ ಹೂಳಬೇಕು, ಪೊದೆ ಕಿತ್ತು ತಂದು ನೆಡಬೇಕು, ಪಾಚಿ ಮೇಲೆ ಬರುವಂತೆ ಕಲ್ಲು ಹೊರಳಿಸಬೇಕು, ತರಗೆಲೆ ಹರಡಬೇಕು. ಹೆಚ್ಚು ಅಂದವಾಗಿ ಮಾಡಿದರೂ ಗುಟ್ಟು ರಟ್ಟಾಗುತ್ತದೆ.

ಭಾವ ಮೊದಲನೆಯದನ್ನು ಮುಚ್ಚಿ ನನ್ನನ್ನು ಕರೆದರು. ಹೋಗಿ ನೋಡಿದೆ. “ಯಾವಾಗ ಶುರು ಮಾಡ್ತೀರಿ ಭಾವ?” ಎಂದು ಕೇಳಿದೆ. ಅವರು ಮುಗಿಸಿ ಒಂದು ಗಂಟೆಯಾಗಿತ್ತು.

ಸುಳ್ಳೇಕೆ ಹೇಳಲಿ, ಅಂಥ ಕೈಚಳಕವನ್ನು ನಾನು ಕಂಡಿರಲಿಲ್ಲ. ಕಲ್ಲಿನವನು ಬಂದು ಅದೇ ಜಾಗದ ಮುಂದೆ ಮೂರು ಸಲ ಅತ್ತಿಂದಿತ್ತ ಓಡಾಡಿ, ಸೋತು, ಉಳಿಯ ಮಾತನ್ನು ಹಿಂದಕ್ಕೆ ತೆಗೆದುಕೊಂಡ. ಭಾವ ನಾಲ್ಕು ತಿಂಗಳಲ್ಲಿ ಹದಿಮೂರು ಕಳ್ಳದಾರಿ ಮುಚ್ಚಿದರು. ನಾನು ಒಮ್ಮೆ ಮಾತ್ರ ಪರೀಕ್ಷೆ ಮಾಡಲು ಹೋಗಿ, “ಇಲ್ಲಿ ಸ್ವಲ್ಪ ಎಲೆ ಕಮ್ಮಿ” ಎಂದೆ. ಅವರು ಆ ದಿನ ಊಟ ಮಾಡಲಿಲ್ಲ. ಮಧ್ಯಾಹ್ನ ಎರಡಕ್ಕೆ ಅಕ್ಕ ಫೋನು ಮಾಡಿ, “ಎಲೆ ಲೆಕ್ಕ ಹಾಕೋಷ್ಟು ದೊಡ್ಡೋನಾದೆಯಾ?” ಎಂದಳು. ಅಲ್ಲಿಂದ ಮುಂದೆ ನಾನು ಅವರ ಕೆಲಸ ನೋಡಲು ಹೋಗಲಿಲ್ಲ. ಈ ಕಥೆಯಲ್ಲಿ ನನ್ನ ತಪ್ಪು ಏನಾದರೂ ಇದ್ದರೆ ಅದು ಇಷ್ಟೇ, ಮತ್ತು ಅದು ಸಣ್ಣದಲ್ಲ.

ಹಂಗಾಮು ಮುಗಿಯಲು ಎರಡು ವಾರ ಇರುವಾಗ ಅಕ್ಕ ಗಂಡನ ಕೆಲಸ ನೋಡಲು ಬಂದಳು. ಒಬ್ಬಳೇ ಬರಲಿಲ್ಲ, ಎದುರುಮನೆಯ ಪೋಸ್ಟ್ ಮಾಸ್ಟರನ್ನೂ ಕರೆತಂದಳು. ಅವರು ನಿವೃತ್ತರು. ಬೀದಿಯಲ್ಲಿ ಯಾರ ಮಾತಿಗೂ ಅವರ ಮುದ್ರೆ ಬೀಳದೆ ಬೆಲೆಯಿಲ್ಲ.

“ಇಲ್ಲೊಂದು ದಾರಿ ಇತ್ತು” ಎಂದು ಭಾವ ಪೊದೆಯೊಂದನ್ನು ತೋರಿಸಿದರು.

“ಈಗ ಇಲ್ವಲ್ಲ?” ಎಂದರು ಪೋಸ್ಟ್ ಮಾಸ್ಟರು.

“ಅದೇ ನನ್ನ ಕೆಲಸ.”

“ಅಂದ್ರೆ ಏನೂ ಮಾಡಿಲ್ಲ ಅಂತ ಕಾಣೋ ಹಾಗೆ ಮಾಡೋದು.”

“ಸರಿಯಾಗಿ ಹೇಳಿದ್ರಿ” ಎಂದು ಭಾವ ಖುಷಿಪಟ್ಟರು.

“ನಮ್ಮ ಆಫೀಸಲ್ಲೂ ಅಂಥೋರು ನಾಲ್ಕು ಜನ ಇದ್ದರು” ಎಂದು ಪೋಸ್ಟ್ ಮಾಸ್ಟರು ಕೊಡೆ ಊರಿಕೊಂಡು ಮುಂದೆ ನಡೆದರು. ಅಕ್ಕ ಕೆಂಪಗಾದಳು. ಮನೆಗೆ ಹೋದವಳೇ ನನಗೆ ಫೋನು ಮಾಡಿ, “ಮೇಡಂ ಬರೋ ದಿನ ನಾನು ಅವರನ್ನ ಮತ್ತೆ ಕರ್ಕೊಂಡು ಬರ್ತೀನಿ. ಮೇಡಂ ಬಾಯಿಂದಾನೇ ನಿನ್ನ ಭಾವನಿಗೆ ಶಹಬಾಸ್ ಅನ್ನಿಸಬೇಕು, ಅದನ್ನ ಆ ಮನುಷ್ಯ ಕಿವಿಯಾರೆ ಕೇಳಬೇಕು” ಎಂದಳು. ಒಂಬತ್ತು ಮನೆಗಳ ಮುಂದಿನ ವರ್ಷ ತೂಗುತ್ತಿರುವ ದಿನ ಸಂಸಾರದ ಮೆರವಣಿಗೆ ಬೇಡವೆಂದು ಹೇಳಿದೆ. ಅವಳು ಮತ್ತೆ ಸೊಂಟದ ಮಾತು ತೆಗೆದಳು.

ಉಳಿದಿದ್ದು ಒಂದೇ ಕಳ್ಳದಾರಿ. ಎಲ್ಲಕ್ಕಿಂತ ಕೆಟ್ಟದ್ದು. ಒಂಬತ್ತನೇ ತಿರುವಿನಲ್ಲಿ ಒಂದು ದೊಡ್ಡ ಬಂಡೆ ಇದೆ. ಅಲ್ಲಿಂದ ಎಡಕ್ಕೆ ಕಳ್ಳದಾರಿ ಕಡಿದಾದ ಕೊರಕಲಿನಲ್ಲಿ ನೇರ ಮೇಲಕ್ಕೆ ಹೋಗುತ್ತದೆ, ಕಾಲಿಟ್ಟರೆ ಕಲ್ಲು ಜಾರುತ್ತದೆ. ಬಲಕ್ಕೆ ನಾವು ಎರಡು ತಿಂಗಳು ಕಡಿದ ಹೊಸ ದಾರಿ, ಬೆಟ್ಟದ ಮೈಯನ್ನು ಬಳಸಿ, ಆ ಕೊರಕಲಿನ ತಲೆಯ ಮೇಲೇ ಹಾದು ಹೋಗುತ್ತದೆ. ಭಾವ ಬಂಡೆಯಿಂದ ಮೇಲಕ್ಕೆ ಎಂದೂ ಬಂದವರಲ್ಲ, ಅವರ ಹದಿಮೂರೂ ಕೆಳಗಿನ ತಿರುವುಗಳಲ್ಲಿದ್ದವು. ಮೇಡಂ ಬರಲು ಮೂರು ದಿನ ಇರುವಾಗ ಬೆಳಿಗ್ಗೆ ಚಹಾ ಕುಡಿಯುತ್ತಾ, “ಭಾವ, ದೊಡ್ಡ ಬಂಡೆ ಹತ್ರ ಎಡಗಡೇದು ಮುಚ್ಚಿಬಿಡಿ” ಎಂದೆ.

ನಮ್ಮ ಕೆಲಸದಲ್ಲಿ ಎಡ ಎಂದರೆ ಹತ್ತುವವನ ಎಡ, ಬಲ ಎಂದರೆ ಹತ್ತುವವನ ಬಲ. ಬೆಟ್ಟಕ್ಕೆ ಜನ ಹತ್ತಲು ಬರುತ್ತಾರೆ, ಇಳಿಯುವುದು ತಾನಾಗಿ ಆಗುತ್ತದೆ. ಗ್ಯಾಂಗಿನಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಮೊದಲ ವಾರ ತಪ್ಪು ಮಾಡಿ ನನ್ನಿಂದ ಬೈಸಿಕೊಂಡು ಕಲಿಯುತ್ತಾರೆ. ಭಾವನನ್ನು ಯಾರು ಬೈದಿದ್ದರು? ಅಂದು ಅವರು ಹತ್ತುವ ಶ್ರಮವೇಕೆಂದು ಸಾಮಾನಿನ ಜೀಪಿನಲ್ಲಿ ಬೆಟ್ಟದ ಆಚೆ ಬದಿಯಿಂದ ತುದಿಗೆ ಹೋಗಿ, ಅಲ್ಲಿಂದ ಇಳಿದು ಬಂದರು.

ಮೂರನೇ ದಿನ ಮಧ್ಯಾಹ್ನ, “ಆಯ್ತಾ ಭಾವ?” ಎಂದು ಕೇಳಿದೆ. “ನನ್ನ ಜನ್ಮದಲ್ಲೇ ಇಷ್ಟು ಚೆನ್ನಾಗಿ ಮುಚ್ಚಿರಲಿಲ್ಲ. ಗುರುತಿಗೆ ಕಟ್ಟಿದ್ದ ರಿಬ್ಬನ್ನೂ ಕಿತ್ತು ಹಾಕಿದೆ, ಕಸ ಅದು” ಎಂದರು. ಗ್ಯಾಂಗೆಲ್ಲ ಆ ಮೂರು ದಿನ ಕೆಳಗಿನ ತಿರುವುಗಳಲ್ಲೇ ಇತ್ತು, ಬಂಡೆಯ ಕಡೆ ಯಾರೂ ಹೋಗಿರಲಿಲ್ಲ, ನಾನೂ ಹೋಗಲಿಲ್ಲ.

ಮೇಡಂ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬಂದರು. ಸಣ್ಣ ಆಳು, ಚಿಕ್ಕ ಹೆಜ್ಜೆ, ಕೈಯಲ್ಲಿ ಕಾಗದ ಸಿಕ್ಕಿಸಿದ ರಟ್ಟು, ಜೇಬಿನಲ್ಲಿ ಒಂದು ರಬ್ಬರ್ ಚೆಂಡು. ಚೆಂಡು ಯಾಕೆಂದು ಮೊದಲ ತಿರುವಿನಲ್ಲೇ ಗೊತ್ತಾಯಿತು. ಒಳ್ಳೆಯ ಕಾಲುದಾರಿ ಹೊರಬದಿಗೆ ಒಂದಿಷ್ಟೇ ವಾಲಿರಬೇಕು, ಆಗ ನೀರು ನಿಲ್ಲುವುದಿಲ್ಲ. ಮೇಡಂ ದಾರಿಯ ನಡುವೆ ಚೆಂಡಿಟ್ಟು ಕೈ ಬಿಡುತ್ತಾರೆ. ಹೊರಕ್ಕೆ ಉರುಳಿದರೆ ‘ಹೂಂ’. ನಿಂತರೆ ಏನೆನ್ನುತ್ತಾರೋ, ಅದನ್ನು ಕೇಳಿದ ಎರಡೂ ಗ್ಯಾಂಗುಗಳು ಈಗ ಮನೆಯಲ್ಲಿದ್ದವು. ನಮ್ಮ ಚೆಂಡು ಎಂಟು ತಿರುವಿನಲ್ಲೂ ಹೊರಕ್ಕೇ ಉರುಳಿತು. ಪ್ರತಿ ಸಲವೂ ಕಲ್ಲಿನವನು ಇಳಿಜಾರಿನಲ್ಲಿ ಜಾರಿಕೊಂಡು ಹೋಗಿ ಅದನ್ನು ಹುಡುಕಿ ತರಬೇಕಿತ್ತು. ಎಂಟನೇ ಸಲ ಬಂದಾಗ ಅವನ ಬೆನ್ನಿನ ತುಂಬ ಮುಳ್ಳು.

ನಮ್ಮ ಹಿಂದೆ ಅಕ್ಕ, ಅಕ್ಕನ ಹಿಂದೆ ಕೊಡೆ ಹಿಡಿದ ಪೋಸ್ಟ್ ಮಾಸ್ಟರು. ಭಾವ ಮಾತ್ರ ಹಿಂದೂ ಇಲ್ಲ, ಮುಂದೂ ಇಲ್ಲ, ಎಲ್ಲ ಕಡೆ ಇದ್ದರು. ಪ್ರತಿ ಪೊದೆಯ ಬಳಿ ಸೀಟಿ ಊದಿ ಎಲ್ಲರನ್ನೂ ನಿಲ್ಲಿಸಿ, “ಮೇಡಂ, ಇಲ್ಲೊಂದು ಇತ್ತು” ಎನ್ನುತ್ತಿದ್ದರು. ಮೇಡಂ ನೋಡುತ್ತಿದ್ದರು, ಏನೂ ಕಾಣದೆ ಮುಂದೆ ಹೋಗುತ್ತಿದ್ದರು. ಪೋಸ್ಟ್ ಮಾಸ್ಟರು ಪ್ರತಿ ಸಲ ಕೆಮ್ಮುತ್ತಿದ್ದರು. ಅಕ್ಕ ಆ ಕೆಮ್ಮನ್ನು ಒಂದೊಂದಾಗಿ ಎಣಿಸಿಕೊಳ್ಳುತ್ತಿದ್ದಳು.

ಒಂಬತ್ತನೇ ತಿರುವು ಬಂತು. ಬಂಡೆ ಬಂತು. ನಾನು ರೂಢಿಯ ಮೇಲೆ ಬಲಕ್ಕೆ ತಿರುಗಿದವನು ಮುಳ್ಳುಪೊದೆಗೆ ಮುಖ ಕೊಟ್ಟು ನಿಂತೆ. ಎಡಕ್ಕೆ ನೋಡಿದೆ. ಮುಚ್ಚಿರಬೇಕಾದ ಕೊರಕಲು ಬಾಯಿ ತೆರೆದುಕೊಂಡು ಆರಾಮವಾಗಿ ಮಲಗಿತ್ತು.

ಭಾವನ ತೋಳು ಹಿಡಿದು ಬಂಡೆಯ ಹಿಂದಕ್ಕೆ ಎಳೆದೆ. “ಭಾವ, ನೀವು ಯಾವುದನ್ನ ಮುಚ್ಚಿದ್ರಿ?”

“ನೀನು ಹೇಳಿದ್ದನ್ನೇ. ಎಡಗಡೇದು.”

“ಎಡಗಡೇದು ತೆರೆದೇ ಇದೆಯಲ್ಲ ಭಾವ.”

“ಅದು ಬಲಗಡೆ ಕಣೋ. ನಾನು ಮೇಲಿಂದ ಅದರಲ್ಲೇ ಇಳಿದು ಬಂದೆ. ಬಂದಾಗ ಇದು ಎಡಕ್ಕಿತ್ತು.” ಅವರ ಮುಖದಲ್ಲಿ ಕೇಡಿನ ಒಂದು ಗೆರೆಯೂ ಇರಲಿಲ್ಲ. “ಅದು ಎಷ್ಟು ಸವೆದಿದೆ ನೋಡು, ಎಲ್ಲರೂ ಓಡಾಡೋ ದಾರಿ ಅದೇ ಅಂತ ಗೊತ್ತಾಗಲ್ವಾ? ಇದರಲ್ಲಿ ಬರೀ ಹಸಿಮಣ್ಣು. ಯಾರೋ ಮೊನ್ನೆ ಮೊನ್ನೆ ಮಾಡಿದ ಹಾಗಿತ್ತು.”

“ನಾವೇ ಭಾವ. ಮೊನ್ನೆ ಮೊನ್ನೆ ಮಾಡಿದ್ದು ನಾವೇ.”

ಭಾವ ಟೋಪಿ ತೆಗೆದರು. ಮತ್ತೆ ಹಾಕಿಕೊಂಡರು.

“ಹೋಗ್ಲಿ, ದಾರಿ ಬಾಯಿ ಎಲ್ಲಿದೆ ಹೇಳಿ, ಎರಡು ಕೊಂಬೆ ಕಿತ್ತು ಬಿಡಿಸೋಣ.”

ಭಾವ ಬಂಡೆಯ ಬಲಕ್ಕೆ ಹೋದರು. ಎರಡು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿ ನೋಡಿದರು. ಇನ್ನೂ ಎರಡು ಹೆಜ್ಜೆ ಸರಿದರು. ಮೊದಲು ಅವರ ಮುಖದಲ್ಲಿ ಹೆಮ್ಮೆ ಬಂತು, ಆಮೇಲೆ ಅದು ನಿಧಾನವಾಗಿ ಇಳಿದುಹೋಯಿತು. “ಇಲ್ಲೇ ಎಲ್ಲೋ ಇರಬೇಕು” ಎಂದರು.

ನಾನು ನೋಡಿದೆ, ಕಲ್ಲಿನವನು ನೋಡಿದ, ಒಬ್ಬೊಬ್ಬರಾಗಿ ಗ್ಯಾಂಗಿನವರೆಲ್ಲ ಬಂದು ನೋಡಿದರು. ನಾವೇ ಕಡಿದ ದಾರಿ, ಎರಡು ತಿಂಗಳು ಬುಟ್ಟಿ ಹೊತ್ತು ಓಡಾಡಿದ ದಾರಿ. ಎದುರಿಗೆ ಹುಟ್ಟಿದಾಗಿನಿಂದ ಹಾಗೇ ಇತ್ತೇನೋ ಎಂಬಂಥ ಕುರುಚಲು ಕಾಡು. ಒಂದು ಒಣಮರ ಅಡ್ಡ ಬಿದ್ದಿತ್ತು, ಅದರ ಮೇಲೆ ಇರುವೆ ಸಾಲು ಬೇರೆ. ಇರುವೆಗಳನ್ನು ಹೇಗೆ ಒಪ್ಪಿಸಿದರೋ ನನಗೆ ಗೊತ್ತಿಲ್ಲ.

“ಮೇಸ್ತ್ರಿ” ಎಂದರು ಮೇಡಂ. ಅವರು ಕೊರಕಲಿನ ಮುಂದೆ ನಿಂತಿದ್ದರು. “ಇದೇನಾ ದಾರಿ?”

ಹೌದೆಂದರೆ ಅಷ್ಟು ಕೆಟ್ಟ ದಾರಿಗೆ ಯಾರೂ ಸಹಿ ಹಾಕುವುದಿಲ್ಲ. ಅಲ್ಲವೆಂದರೆ ಮತ್ತೆ ಯಾವುದು ಎಂದು ಕೇಳುತ್ತಾರೆ. “ಮೊದಲು ಚಹಾ ಕುಡೀರಿ ಮೇಡಂ” ಎಂದೆ.

“ನಾನು ಚಹಾ ಕುಡಿಯಲ್ಲ.”

“ಹಾಗಾದ್ರೆ ನೀರು.”

“ಹೂಂ” ಎಂದರು ಮೇಡಂ. ಈ ಹೂಂ ಹಿಂದಿನ ಎಂಟರಂತೆ ಇರಲಿಲ್ಲ. ಅವರು ಪೆನ್ನಿನ ಮುಚ್ಚಳ ತೆಗೆದರು.

ಅಷ್ಟರಲ್ಲಿ ಮೇಲಿನಿಂದ ಮಾತು ಕೇಳಿಸಿತು. “ಕಣ್ಣೆದುರಿಗೇ ದಾರಿ ಇಟ್ಕೊಂಡು ಏನು ಹುಡುಕ್ತಾ ಇದ್ದೀರಿ?” ಪೋಸ್ಟ್ ಮಾಸ್ಟರು ನಮ್ಮ ಗದ್ದಲದಲ್ಲಿ ಯಾರಿಗೂ ಹೇಳದೆ ಕೊರಕಲು ಹತ್ತಿದ್ದರು. ನಾಲ್ಕಾಳೆತ್ತರಕ್ಕೆ ಹೋಗಿ, ಕೊಡೆ ಊರಿ, ವಿಜಯಿಯಂತೆ ನಮ್ಮ ಕಡೆ ತಿರುಗಿದರು. ಆ ತಿರುಗಿದ್ದೇ ತಪ್ಪಾಯಿತು. ಕಾಲ ಕೆಳಗಿನ ಕಲ್ಲುಗಳು ಒಂದರ ಹಿಂದೊಂದು ಹೊರಟವು. ಅವರು ಕೂತರು, ಜಾರಿದರು, ಪಕ್ಕಕ್ಕೆ ಉರುಳಿ, ಅಂಗೈಯಗಲದ ಒಂದು ಮಣ್ಣಿನ ಕಟ್ಟೆಯ ಮೇಲೆ ನಿಂತರು. ಎರಡೂ ಕೈಯಲ್ಲಿ ಒಂದು ಬೇರು ಹಿಡಿದುಕೊಂಡಿದ್ದರು. ಕೊಡೆ ಮಾತ್ರ ನಿಲ್ಲದೆ ನಮ್ಮ ಮುಂದೆ ಹಾದು, ಬಂಡೆಗೆ ಬಡಿದು, ಕೆಳಗಿನ ಕಣಿವೆಗೆ ಹೋಯಿತು. ಅದು ತಳ ಮುಟ್ಟಿದ ಸದ್ದು ಬಹಳ ಹೊತ್ತಿನ ಮೇಲೆ ಬಂತು.

“ನಾನು ಚೆನ್ನಾಗಿದ್ದೀನಿ” ಎಂದರು ಪೋಸ್ಟ್ ಮಾಸ್ಟರು, ತಂತಿ ಓದುವವರ ದನಿಯಲ್ಲಿ. “ಪಾದ ಉಳುಕಿದೆ. ಬೇರು ಸಡಿಲ ಇದೆ.”

ಕಲ್ಲಿನವನು ಕೊರಕಲಿಗೆ ನುಗ್ಗಿದ. ಎರಡು ಹೆಜ್ಜೆ ಇಟ್ಟದ್ದೇ ತಡ, ಅವರ ಕಟ್ಟೆಯ ಅಂಚಿನ ಮಣ್ಣು ಹಿಡಿಹಿಡಿಯಾಗಿ ಉದುರತೊಡಗಿತು. “ಬರಬೇಡಿ” ಎಂದರು ಪೋಸ್ಟ್ ಮಾಸ್ಟರು. ಕಲ್ಲಿನವನು ಹಾಗೇ ಹಿಮ್ಮುಖವಾಗಿ ಇಳಿದ. ಕೆಳಗಿನಿಂದ ಹೋಗುವಂತಿರಲಿಲ್ಲ. ಜೀಪಿನಲ್ಲಿ ಆಚೆ ಬದಿ ಸುತ್ತಿ ತುದಿಗೆ ಹೋಗಲು ಒಂದೂವರೆ ಗಂಟೆ. ಬೇರು ಅಷ್ಟು ಹೊತ್ತು ಕಾಯುವ ಹಾಗೆ ಕಾಣಲಿಲ್ಲ.

ಮೇಡಂ ನಕ್ಷೆ ಬಿಚ್ಚಿದರು. “ನಿಮ್ಮ ಹೊಸ ದಾರಿ ಈ ಕೊರಕಲಿನ ಮೇಲೇ ಹಾದು ಹೋಗುತ್ತೆ ಅಂತ ಇಲ್ಲಿದೆ. ಅಲ್ಲಿಂದ ಹಗ್ಗ ಬಿಟ್ಟರೆ ಅವರನ್ನ ಎತ್ತಬಹುದು. ದಾರಿ ಎಲ್ಲಿ?”

“ಇಲ್ಲೇ ಇದೆ ಮೇಡಂ. ಮುಚ್ಚಿಹೋಗಿದೆ.”

“ತಾನಾಗಿ ಮುಚ್ಚಿಹೋಯ್ತಾ?”

“ಇಲ್ಲ ಮೇಡಂ. ಮುಚ್ಚಿದ್ದು.”

“ಯಾರು ಮುಚ್ಚಿದ್ದು?”

ಗ್ಯಾಂಗಿನ ಉಳಿದ ಏಳೂ ಜನ ಒಟ್ಟಿಗೆ ಆಕಾಶ ನೋಡಿದರು. ಭಾವ ಟೋಪಿಯ ಅಂಚನ್ನು ಕಣ್ಣಿನ ಮೇಲಕ್ಕೆ ಎಳೆದುಕೊಂಡರು. ಅಕ್ಕ ನನ್ನ ಪಕ್ಕಕ್ಕೇ ಬಂದು ನಿಂತಿದ್ದಳು.

“ನಾನೇ ಮಾಡಿದ್ದು ಮೇಡಂ” ಎಂದೆ.

“ನಿಮ್ಮ ದಾರಿಯನ್ನ ನೀವೇ ಮುಚ್ಚಿದ್ರಿ.”

“ಹೌದು.”

ಮೇಡಂ ಅದನ್ನು ಬರೆದುಕೊಂಡರು. ಹನ್ನೊಂದು ವರ್ಷದ ಮೇಸ್ತ್ರಿಗಿರಿ ಒಂದೇ ಸಾಲಿನಲ್ಲಿ ಮುಗಿಯಿತು ಎಂದುಕೊಂಡೆ. ಅಳು ಬಂದಂತಾಯಿತು, ಆದರೆ ಮೇಲೆ ಬೇರು ಹಿಡಿದುಕೊಂಡವರೇ ಅಳದಿರುವಾಗ ನಾನು ಅಳುವುದು ಸರಿ ಕಾಣಲಿಲ್ಲ.

ಕಣ್ಣಿನಿಂದ ಸಿಗುವ ದಾರಿ ಅದಲ್ಲ ಎಂದು ಆಗ ಹೊಳೆಯಿತು. ದಾರಿಯ ಮಣ್ಣನ್ನು ನಾವು ದಮ್ಮಸಿನಿಂದ ಹೊಡೆದು ಗಟ್ಟಿ ಮಾಡಿರುತ್ತೇವೆ. ಭಾವ ಅದರ ಮೇಲೆ ಏನೇ ಹೊದಿಸಲಿ, ಅಡಿಯಲ್ಲಿ ಅದು ಗಟ್ಟಿಯೇ. “ಎಲ್ಲರೂ ಸಾಲಾಗಿ ನಿಂತು ತುಳೀರಿ” ಎಂದು ಕೂಗಿದೆ. “ಹಿಮ್ಮಡಿ ಊರಿ ತುಳೀರಿ. ಎಲ್ಲಿ ಗಟ್ಟಿ ಸದ್ದು ಬರುತ್ತೆ ಹೇಳಿ.”

ಆ ದೃಶ್ಯವನ್ನು ದೂರದಿಂದ ಯಾರಾದರೂ ನೋಡಿದ್ದರೆ ನಮಗೆ ಹುಚ್ಚು ಹಿಡಿದಿದೆ ಎಂದೇ ತಿಳಿಯುತ್ತಿದ್ದರು. ಒಂಬತ್ತು ಜನ ಕೆಲಸಗಾರರು ಮುಳ್ಳಿನ ನಡುವೆ ಧಪಧಪ ತುಳಿಯುತ್ತಿದ್ದೆವು. ಮೇಡಂ ರಟ್ಟು ಬಂಡೆಯ ಮೇಲಿಟ್ಟು ಬಂದು ತಾವೂ ತುಳಿದರು. ಮೇಲಿನಿಂದ ಪೋಸ್ಟ್ ಮಾಸ್ಟರು ಆಗಾಗ ವರದಿ ಕೊಡುತ್ತಿದ್ದರು. “ಬಲಗೈ ಜೋಮು ಹಿಡಿತಿದೆ.” ಸ್ವಲ್ಪ ಹೊತ್ತಿನ ಮೇಲೆ, “ಬೇರು ಒಂದು ಗೇಣು ಹೊರಗೆ ಬಂತು.”

ಅಕ್ಕ ಮಾತ್ರ ಸಾಲಿನಲ್ಲಿ ನಿಲ್ಲಲಿಲ್ಲ. ಗಂಡನನ್ನು ದುರುಗುಟ್ಟಿ ನೋಡುತ್ತಾ, ಅವರಿಗೆ ಹೇಳಬೇಕಾದದ್ದನ್ನೆಲ್ಲ ನೆಲಕ್ಕೆ ಹೇಳುವವಳಂತೆ ತುಳಿಯುತ್ತಾ ಹೋದಳು. ಅಡ್ಡಬಿದ್ದ ಒಣಮರದ ಆಚೆ ಅವಳ ಕಾಲು ‘ಠಣ್’ ಎಂದಿತು.

“ಇಲ್ಲಿದೆ” ಎಂದಳು ಅಕ್ಕ.

ನಾನು ಓಡಿಹೋಗಿ ನೆಟ್ಟಿದ್ದ ಕೊಂಬೆಯೊಂದನ್ನು ಎಳೆದೆ, ಬರಲಿಲ್ಲ. ಕಲ್ಲಿನವನೂ ಸೇರಿ ಎಳೆದ, ಬರಲಿಲ್ಲ. “ಹಾಗಲ್ಲ, ಹಾಗಲ್ಲ” ಎನ್ನುತ್ತಾ ಭಾವ ನಮ್ಮಿಬ್ಬರನ್ನೂ ಪಕ್ಕಕ್ಕೆ ತಳ್ಳಿದರು. ಟೋಪಿ, ಸೀಟಿ ಎರಡನ್ನೂ ಎಲ್ಲೋ ಎಸೆದಿದ್ದರು. “ಕೊನೆಗೆ ಹಾಕಿದ್ದನ್ನ ಮೊದಲು ತೆಗೀಬೇಕು. ಮೊದಲು ಈ ಕಲ್ಲು. ಆಮೇಲೆ ಈ ಪೊದೆ. ಇದನ್ನ ತಿರುಗಿಸಿ ಎಳಿ, ಜೋರಾಗಿ ಅಲ್ಲ.” ನಾಲ್ಕು ತಿಂಗಳಲ್ಲಿ ಅವರ ಕೈ ಇಷ್ಟು ಬೇಗ ಓಡಿದ್ದನ್ನು ನಾನು ನೋಡಿರಲಿಲ್ಲ. ಕಿತ್ತದ್ದನ್ನು ನಾವು ಕೈಯಿಂದ ಕೈಗೆ ಸಾಗಿಸಿದೆವು. ಅವರ ಬೆರಳುಗಳಿಂದ ರಕ್ತ ಬರುತ್ತಿತ್ತು. ಅಕ್ಕ ಅದನ್ನು ನೋಡಿದಳು, ದುರುಗುಟ್ಟುವುದನ್ನು ನಿಲ್ಲಿಸಿ ತಾನೂ ಸಾಲಿಗೆ ಬಂದು ಕೊಂಬೆ ಹಿಡಿದಳು. ಮೇಡಂ ಬಂಡೆಗೊರಗಿ ಭಾವನ ಕೈಗಳನ್ನೇ ನೋಡುತ್ತಿದ್ದರು.

ಕಾಲು ಗಂಟೆಯಲ್ಲಿ ದಾರಿ ಬಿಟ್ಟಿತು. ಇಪ್ಪತ್ತು ಹೆಜ್ಜೆ ಆದಮೇಲೆ ಮುಂದೆಲ್ಲ ಸ್ವಚ್ಛ. ಗ್ಯಾಂಗಿನ ಬುಟ್ಟಿಯಲ್ಲಿ ಸದಾ ಇರುವ ಹಗ್ಗ, ಟಾರ್ಪಾಲು ಹಿಡಿದು ಓಡಿದೆವು. ಮೇಲಿನಿಂದ ಬಗ್ಗಿ ನೋಡಿದರೆ ಪೋಸ್ಟ್ ಮಾಸ್ಟರು ಕಣ್ಣು ಮುಚ್ಚಿಕೊಂಡಿದ್ದರು. ಕಲ್ಲಿನವನು ಹಗ್ಗ ಕಟ್ಟಿಕೊಂಡು ಇಳಿದು ಅವರ ಕಂಕುಳಿಗೆ ಕೈ ಹಾಕಿದ ಕ್ಷಣಕ್ಕೆ ಬೇರು ಪೂರ್ತಿ ಕಿತ್ತು ಬಂತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಪೋಸ್ಟ್ ಮಾಸ್ಟರು ಮೇಲೆ ಬಂದರು. ಬಿಡಿಸಿಕೊಳ್ಳಲು ನೋಡಿದೆವು, ಕೊಡಲಿಲ್ಲ.

ಅವರನ್ನು ಟಾರ್ಪಾಲಿನಲ್ಲಿ ಮಲಗಿಸಿ ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಹೊಸ ದಾರಿಯಲ್ಲಿ ಇಳಿಸುತ್ತಿದ್ದಾಗ, ಮೇಡಂ ಅಡ್ಡ ನಿಂತರು. ಜೇಬಿನಿಂದ ಚೆಂಡು ತೆಗೆದು ದಾರಿಯ ಮೇಲಿಟ್ಟರು. ಅದು ಸ್ವಲ್ಪ ಯೋಚಿಸಿ, ಹೊರಕ್ಕೆ ಉರುಳಿ, ಕೊಡೆ ಹೋದ ಕಡೆಗೇ ಹೋಯಿತು. ಕಲ್ಲಿನವನು ಅದರ ಕಡೆ ತಿರುಗಿಯೂ ನೋಡಲಿಲ್ಲ.

“ಕುಲುಕ್ತಾ ಇದೆಯಾ?” ಎಂದು ಮೇಡಂ ಟಾರ್ಪಾಲಿನ ಕಡೆ ಬಗ್ಗಿ ಕೇಳಿದರು.

ಪೋಸ್ಟ್ ಮಾಸ್ಟರು ನಿಜ ಹೇಳಲು ಬಹಳ ಕಷ್ಟಪಟ್ಟರು. “ಇಲ್ಲ” ಎಂದರು ಕೊನೆಗೆ. “ನಮ್ಮನೆ ಮಂಚಕ್ಕಿಂತ ಸಮ ಇದೆ.”

“ಹೂಂ” ಎಂದು ಮೇಡಂ ನನ್ನ ಕಡೆ ತಿರುಗಿದರು. “ಮೇಸ್ತ್ರಿ, ಮುಚ್ಚಿದ್ದು ನೀವು ಅಂದ್ರಿ. ಒಂದು ಕೊಂಬೆ ಕೀಳೋಕೂ ನಿಮಗೆ ಬರಲಿಲ್ಲ. ಬಿಚ್ಚಿದ್ದೆಲ್ಲ ಇವರು.”

ನಾನು ಏನಾದರೂ ಹೇಳುವ ಮೊದಲೇ ಭಾವ ಮುಂದೆ ಬಂದರು. “ನಾನೇ ಮುಚ್ಚಿದ್ದು ಮೇಡಂ. ಎಡ ಬಲ ಗೊತ್ತಾಗಲಿಲ್ಲ. ಇವರ ತಪ್ಪಿಲ್ಲ. ಏನು ಬರೀಬೇಕೋ ನನ್ನ ಮೇಲೆ ಬರೀರಿ, ಒಂಬತ್ತು ಜನರ ಕೆಲಸ ಕಳೀಬೇಡಿ.”

ಮೇಡಂ ಬರೆಯಲಿಲ್ಲ. “ಆ ಕೊರಕಲು ಇವತ್ತು ಇಷ್ಟೇ ಚೆನ್ನಾಗಿ ಮುಚ್ಚಬೇಕು” ಎಂದರು. “ಮುಚ್ಚೋವರೆಗೂ ನಾನು ಇಲ್ಲೇ ಕೂತಿರ್ತೀನಿ. ಸಹಿ ಆಮೇಲೆ.”

ಕೂತರು. ಪೋಸ್ಟ್ ಮಾಸ್ಟರನ್ನು ಕೆಳಗೆ ಕಳಿಸಲು ನೋಡಿದೆವು. ಮೂಳೆ ಮುರಿದಿಲ್ಲವೆಂದು ತಾವೇ ತೀರ್ಮಾನಿಸಿ, ಪಾದಕ್ಕೆ ಒದ್ದೆಬಟ್ಟೆ ಸುತ್ತಿಸಿಕೊಂಡು, ತಮ್ಮನ್ನು ಬೀಳಿಸಿದ್ದನ್ನು ಮುಚ್ಚುವವರೆಗೂ ಹೋಗುವುದಿಲ್ಲ ಎಂದರು. ಎಲ್ಲರ ಕಣ್ಣೆದುರಿಗೆ ಭಾವ ಕೊರಕಲಿನ ಬಾಯಲ್ಲಿ ಕೊಂಬೆ ನೆಟ್ಟರು, ಪೊದೆ ಕೂರಿಸಿದರು, ಎಲೆ ಸುರಿದರು. ಯಾರೂ ಕೆಮ್ಮಲಿಲ್ಲ. ಬಿಸಿಲು ಬಂಡೆಯಿಂದ ಸರಿಯುವ ಹೊತ್ತಿಗೆ ಮೇಡಂ ಎದ್ದು ಎಂಟನೇ ತಿರುವಿನವರೆಗೆ ಇಳಿದು, ಮತ್ತೆ ಹತ್ತಿ ಬಂದರು. ಬಂಡೆಯ ಹತ್ತಿರ ಒಂದು ಕ್ಷಣವೂ ನಿಲ್ಲದೆ ಬಲಕ್ಕೆ ತಿರುಗಿದರು. ಹತ್ತು ಹೆಜ್ಜೆ ಹೋದ ಮೇಲೆ ನಿಂತು, ತಿರುಗಿ, ಎಡಕ್ಕೆ ಬಹಳ ಹೊತ್ತು ನೋಡಿದರು. ಆಮೇಲೆ ಬಂಡೆಯ ಮೇಲೇ ಕಾಗದವಿಟ್ಟು ಸಹಿ ಹಾಕಿದರು. ಗ್ಯಾಂಗಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಲ್ಲಿನವನು ಕೂತಲ್ಲೇ ಮುಖ ಮುಚ್ಚಿಕೊಂಡ.

“ಆಚೆ ಬೆಟ್ಟದಲ್ಲಿ ಇಪ್ಪತ್ತಮೂರು ಕಳ್ಳದಾರಿ ಇವೆ” ಎಂದು ಮೇಡಂ ಭಾವನಿಗೆ ಹೇಳಿದರು. “ಯಾರ ಕೈಲೂ ಮುಚ್ಚೋಕಾಗಿಲ್ಲ. ಮುಂದಿನ ಹಂಗಾಮಿಗೆ ನೀವು ಅಲ್ಲಿಗೆ ಬನ್ನಿ. ನೀವೇ ಮುಖ್ಯಸ್ಥರು, ನಿಮ್ಮ ಕೈಕೆಳಗೆ ನಾಲ್ಕು ಜನ.”

ಅಕ್ಕನ ಮುಖ ಅರಳಿದ್ದು ಹೇಳತೀರದು. ಪೋಸ್ಟ್ ಮಾಸ್ಟರು ಬೇರನ್ನು ಪಕ್ಕಕ್ಕಿಟ್ಟು ನೆಟ್ಟಗೆ ಕೂತರು. ನಾನು ನಾಲ್ಕು ತಿಂಗಳಿಂದ ಬೇಡಿಕೊಂಡಿದ್ದು ಇದೇ ಆಗಿತ್ತು.

ಭಾವ ಕೈಯ ಮಣ್ಣು ಒರೆಸಿಕೊಂಡರು. “ಬೇಡ ಮೇಡಂ” ಎಂದರು. “ನಾನು ಎಡವಟ್ಟು ಮಾಡೋನು. ಮುಂದೆಯೂ ಮಾಡ್ತೀನಿ. ಮಾಡಿದಾಗ ‘ನಾನೇ ಮಾಡಿದ್ದು’ ಅಂತ ತನ್ನ ತಲೆ ಮೇಲೆ ಹಾಕ್ಕೊಳ್ಳೋರು ಅಲ್ಲಿ ಯಾರಿರ್ತಾರೆ? ನಾನು ಇವನ ಹತ್ರಾನೇ ಇರ್ತೀನಿ.”

ಅಕ್ಕ ಕಣ್ಣೊರೆಸಿಕೊಂಡಳು. ಪೋಸ್ಟ್ ಮಾಸ್ಟರು ಕೈ ಚಾಚಿ ನನ್ನ ಭುಜ ತಟ್ಟಿ, “ಇಂಥ ಬಾಮೈದ ಸಿಗಬೇಕಾದ್ರೆ ಪುಣ್ಯ ಮಾಡಿರಬೇಕು” ಎಂದರು. ಮೇಡಂ ಕೂಡ ಮೊದಲ ಸಲ ನನ್ನನ್ನು ಮನುಷ್ಯನಂತೆ ನೋಡಿದರು. ನಾನು ತಲೆ ತಗ್ಗಿಸಿದೆ, ಎಲ್ಲರೂ ಅದನ್ನು ವಿನಯವೆಂದು ತಿಳಿದರು. ಮೇಡಂ ‘ಯಾರು ಮುಚ್ಚಿದ್ದು’ ಎಂದು ಕೇಳಿದ ಆ ಹೊತ್ತಿನಲ್ಲಿ ಅಕ್ಕ ನನ್ನ ಕಾಲಿನ ಕಿರುಬೆರಳಿನ ಮೇಲೆ ತನ್ನ ಹಿಮ್ಮಡಿ ಊರಿ, ದೇಹದ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು ನಿಂತಿದ್ದಳು. ಇದನ್ನು ನಾನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ಭಾವನಿಗಂತೂ ಹೇಳುವುದೇ ಇಲ್ಲ.